ಎಕ್ಸ್‌ರೇಗೆ ಮುನ್ನ ರೋಗಿ ಅರಿತಿರಬೇಕಾದ ಸಂಗತಿಗಳು

ಎರಡು ವಾರ ಕಳೆದರೂ ನಿಲ್ಲದ ಕೆಮ್ಮು, ಜಾರಿ ಬಿದ್ದು ಊದಿಕೊಂಡ ಮಣಿಕಟ್ಟು, ಬಿಡದ ಬೆನ್ನುನೋವು. ಇಂಥ ಸಂದರ್ಭಗಳಲ್ಲಿ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಪರೀಕ್ಷೆ ಎಕ್ಸ್‌ರೇ. ವಿಕಿರಣದ ಭಯದಿಂದ ಅದನ್ನು ನಿರಾಕರಿಸುವವರಿದ್ದಾರೆ. ವೈದ್ಯರು ಬೇಡವೆಂದರೂ ಸಮಾಧಾನಕ್ಕಾಗಿ ತೆಗೆಸಿಕೊಳ್ಳುವವರೂ ಇದ್ದಾರೆ. ಇವೆರಡೂ ಸರಿಯಾದ ಮಾರ್ಗವಲ್ಲ.

ಜರ್ಮನಿಯ ಭೌತವಿಜ್ಞಾನಿ ವಿಲ್ಹೆಲ್ಮ್ ರಾಂಟ್‌ಜನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮೂಳೆಯು ಈ ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಬಿಳುಪಾಗಿಯೂ, ಗಾಳಿ ತುಂಬಿದ ಶ್ವಾಸಕೋಶವು ಕಪ್ಪಾಗಿಯೂ ಕಾಣುತ್ತದೆ. ಪರೀಕ್ಷೆ ಮುಗಿದ ಬಳಿಕ ದೇಹದಲ್ಲಿ ಕಿರಣಗಳು ಉಳಿಯುವುದಿಲ್ಲ.

ಪ್ರಮಾಣ ಎಷ್ಟು?

ಎದೆಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ ಹೆಚ್ಚೆಂದರೆ 0.1 ಮಿಲಿಸೀವರ್ಟ್. ಮಣ್ಣು, ಬಂಡೆ, ಗಾಳಿ ಹಾಗೂ ಬಾಹ್ಯಾಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಅಂದರೆ ಎದೆಯ ಎಕ್ಸ್‌ರೇ ಸುಮಾರು ಎರಡು ವಾರಗಳ ಸಹಜ ವಿಕಿರಣಕ್ಕೆ ಸಮ. ಆದರೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಪ್ರಮಾಣ ಸುಮಾರು 8 ಮಿಲಿಸೀವರ್ಟ್. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ಗಳಲ್ಲಿ ಇಂಥ ವಿಕಿರಣ ಇರುವುದಿಲ್ಲ.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯರು ಮಾತ್ರವಲ್ಲ, ಮುಟ್ಟು ತಡವಾಗಿರುವ ಮಹಿಳೆಯರೂ ವಿಷಯವನ್ನು ಮೊದಲೇ ತಿಳಿಸಬೇಕು. ಹೊಟ್ಟೆ, ಸೊಂಟದ ಪರೀಕ್ಷೆಗಳಲ್ಲಿ ಇದು ಅತಿ ಮುಖ್ಯ. ಕೈ, ಹಲ್ಲು, ಎದೆಯ ಚಿತ್ರಗಳಲ್ಲಿ ಭ್ರೂಣಕ್ಕೆ ತಲಪುವ ವಿಕಿರಣ ಅತ್ಯಲ್ಪ. ಗರ್ಭ ನಿಂತಿರುವುದು ತಿಳಿಯದೆ ಎಕ್ಸ್‌ರೇ ತೆಗೆಸಿಕೊಂಡಿದ್ದರೆ ಗಾಬರಿಗೊಂಡು ಗರ್ಭಪಾತದ ನಿರ್ಧಾರಕ್ಕೆ ಬರಕೂಡದು. ಸಾಮಾನ್ಯ ಎಕ್ಸ್‌ರೇಯ ಪ್ರಮಾಣ ಭ್ರೂಣಕ್ಕೆ ಹಾನಿಯಾಗುವ ಮಟ್ಟಕ್ಕಿಂತ ಬಹಳ ಕಡಿಮೆ. ಮೊದಲು ತಜ್ಞರ ಸಲಹೆ ಪಡೆಯಬೇಕು.

ಮಕ್ಕಳ ದೇಹ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಮಗುವನ್ನು ಹಿಡಿದುಕೊಳ್ಳಬೇಕಾದವರು ಸೀಸದ ಮೇಲಂಗಿ ಧರಿಸಬೇಕು. ಗರ್ಭಿಣಿಯರು ಆ ಕೆಲಸಕ್ಕೆ ನಿಲ್ಲಬಾರದು. ಉಳಿದವರು ಕೊಠಡಿಯ ಹೊರಗಿರಬೇಕು.

ಮತ್ತೆ ಮತ್ತೆ ಬೇಡ

ಚಿತ್ರ ಕೆಟ್ಟರೆ ಪುನಃ ತೆಗೆಯಬೇಕಾಗುತ್ತದೆ. ಆದ್ದರಿಂದ ಸರ, ತಾಯಿತ, ಉಡುದಾರ, ಹೇರ್‌ಪಿನ್ ಮುಂತಾದ ಲೋಹದ ವಸ್ತುಗಳು ಚಿತ್ರ ತೆಗೆಯುವ ಭಾಗದಲ್ಲಿ ಇರಬಾರದು. ತಂತ್ರಜ್ಞರು ಹೇಳಿದಾಗ ಉಸಿರು ಬಿಗಿಹಿಡಿದು ಅಲುಗಾಡದೆ ನಿಲ್ಲಬೇಕು. ಹಳೆಯ ಫಿಲ್ಮ್ ಹಾಗೂ ವರದಿಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಗೂ ಕೊಂಡೊಯ್ದರೆ ಅನಗತ್ಯ ಪರೀಕ್ಷೆ ತಪ್ಪುತ್ತದೆ. ಹೊಸ ಚಿತ್ರದೊಡನೆ ಹೋಲಿಸಿ ರೋಗದ ಏರಿಳಿತ ಅರಿಯಲೂ ಅವು ನೆರವಾಗುತ್ತವೆ.

ದೇಶದಲ್ಲಿ ಎಕ್ಸ್‌ರೇ ಘಟಕಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಘಟಕಕ್ಕೆ ಮಂಡಳಿಯ ಅನುಮತಿ ಇದೆಯೇ ಎಂದು ವಿಚಾರಿಸುವ ಹಕ್ಕು ರೋಗಿಗಿದೆ.

ಈ ಚಿತ್ರದಿಂದ ಚಿಕಿತ್ಸೆಯಲ್ಲಿ ಬದಲಾವಣೆ ಆಗುವುದೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಹೌದೆಂಬ ಉತ್ತರ ಬಂದರೆ ಅಂಜದೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಲೇಸು. ಕ್ಷಯ ಅಥವಾ ಮೂಳೆಮುರಿತ ಪತ್ತೆಯಾಗದೆ ಉಳಿದರೆ ಆಗುವ ಹಾನಿ ಒಂದು ಎಕ್ಸ್‌ರೇಯ ವಿಕಿರಣಕ್ಕಿಂತ ಎಷ್ಟೋ ಪಾಲು ದೊಡ್ಡದು.