ಜಿಪ್ಸಿಗೆ ಯಾವ ಸೈಜಿನ ಟೈರ್? ತಾಮ್ಹಿಣಿ ಘಾಟ್ ಕಲಿಸಿದ ಲೆಕ್ಕ

ವಿಡಿಯೋದಲ್ಲಿ ಅಂಕಿ-ಸಂಖ್ಯೆ ಜಾಸ್ತಿ ಬರುತ್ತೆ, ಬರೆದು ಹಾಕಿ ಅಂತ ಕೇಳಿದವರಿಗಾಗಿ ಈ ಬರಹ. ಓದ್ತಾ ಓದ್ತಾ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದಿಟ್ಕೊಳ್ಳಿ.

ನನ್ನ ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್, ಕ್ಯಾನ್ವಾಸ್ ಟಾಪ್. ಹುಬ್ಬಳ್ಳಿಯಲ್ಲಿ ಕೊಂಡು ಪುಣೆಗೆ ತಂದದ್ದು. ನಮ್ಮ ದೇಶದಲ್ಲಿ ಮಧ್ಯಮ ವರ್ಗದವರು ಮೇಲ್ಛಾವಣಿ ಬಿಚ್ಚಿ ಓಡಿಸಬಹುದಾದ ಹಳೇ ಗಾಡಿ ಅಂದ್ರೆ ಒಂದೋ ಜೀಪು, ಇಲ್ಲಾ ಇದು. 1985ರಲ್ಲಿ ಶುರುವಾದ ಜಿಪ್ಸಿಯ ತಯಾರಿಕೆ 2019ರಲ್ಲಿ ನಿಂತೂ ಹೋಯ್ತು. ಹಿಂಜವಡಿಯ ಪಾರ್ಕಿಂಗಿನಲ್ಲಿ ಸಾಲಾಗಿ ನಿಂತ ಬಿಳೀ ಎಸ್‌ಯುವಿಗಳ ನಡುವೆ ಅದು ಚಿಕ್ಕದಾಗಿ ಕಾಣ್ತಿತ್ತು. ಅದಕ್ಕೇ ನಾನು ಮಾಡಿದ ಮೊದಲ ತಪ್ಪು, ದಪ್ಪ ಟೈರ್ ಹಾಕಿಸಿದ್ದು.

ಅಂಗಡಿಯವರು ತೋರಿಸಿದ್ದು 235/75 ಆರ್ 15. ಯಾರೋ ಬಿಚ್ಚಿಸಿ ಹೋದ ಸೆಕೆಂಡ್ ಹ್ಯಾಂಡ್ ಮಡ್ ಟೈರು, ಕಚ್ಚು ಆಳವಾಗಿತ್ತು. "ಏಕದಂ ಮಸ್ತ್ ದಿಸತೇ" ಅಂದ್ರು. ನಿಜವಾಗ್ಲೂ ಮಸ್ತಾಗೇ ಕಾಣ್ತಿತ್ತು. ಎಂಟೆಕ್ ಮಾಡಿದ ನಾನು ಒಂದು ಗುಣಾಕಾರ ಕೂಡ ಮಾಡದೆ ದುಡ್ಡು ಕೊಟ್ಟು ಬಂದೆ.

2019ರ ಜುಲೈ, ಭಾನುವಾರ, ತಾಮ್ಹಿಣಿ ಘಾಟ್. ಮುಂದಿನ ಸೀಟಿನಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪ, ಹಿಂದೆ ಹೆಂಡತಿ, ಮಗಳು. ಇಳಿಜಾರಿನಲ್ಲಿ ಎಡಕ್ಕೆ ಬಿಗಿ ತಿರುವು. ಸ್ಟಿಯರಿಂಗ್ ಪೂರ್ತಿ ತಿರುಗಿಸೋಕೆ ಹೋದ್ರೆ ಕೆಳಗಿಂದ ಕರ್ರ್ ಅಂತ ಸದ್ದು, ಚಕ್ರ ಅಲ್ಲೇ ತಡೀತು. ಟೈರಿನ ಒಳಬದಿ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತಿತ್ತು. ಬ್ರೇಕ್ ಒತ್ತಿದೆ, ಒದ್ದೆ ಡಾಂಬರಿನ ಮೇಲೆ ಗಾಡಿ ಜಾರಿ, ಮೂತಿ ಬಲಗಡೆ ಲೇನಿಗೆ ಹೋಯ್ತು. ಎದುರಿಗೆ ಎಸ್‌ಟಿ ಬಸ್ಸು. ಆ ಡ್ರೈವರ್ ನಿಲ್ಲಿಸಿದ್ದರಿಂದ ನಾನು ಇವತ್ತು ಇದನ್ನ ಬರೀತಿದ್ದೇನೆ. ಅಪ್ಪ ಕೇಳಿದ್ದು ಒಂದೇ ಮಾತು: "ಯಾಕೋ ತಮ್ಮಾ, ಗಾಡಿ ತಿರುಗವಲ್ದು?"

ಮನೆಗೆ ಬಂದ್ಮೇಲೆ ಪೇಪರ್ ಹಿಡಿದು ಕೂತೆ.

ಜಿಪ್ಸಿ ಸಾಫ್ಟ್ ಟಾಪಿಗೆ ಕಂಪನಿ ಕೊಟ್ಟ ಸೈಜು ಎಫ್78-15, 4 ಪಿಆರ್. ಇದು ಹಳೇ ಪದ್ಧತಿ. ಎಫ್ ಅಂದ್ರೆ ಟೈರು ಎಷ್ಟು ಭಾರ ಹೊರುತ್ತೆ ಅನ್ನೋದರ ವರ್ಗ. 78 ಅಂದ್ರೆ ಟೈರಿನ ಪಕ್ಕೆಯ ಎತ್ತರ ಅದರ ಅಗಲದ ಶೇ. 78. 15 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವೆ 'ಆರ್' ಅಕ್ಷರ ಇಲ್ಲ, ಅಂದ್ರೆ ಇದು ರೇಡಿಯಲ್ ಅಲ್ಲ, ಒಳಗಿನ ನೂಲು ಅಡ್ಡಡ್ಡ ಹಾಯ್ದಿರುವ ಹಳೇ ನಮೂನೆ, ಕ್ರಾಸ್‌ಪ್ಲೈ. ಇವತ್ತಿನ ಲೆಕ್ಕದಲ್ಲಿ ಇದಕ್ಕೆ ಹತ್ತಿರದ ಸೈಜು 205/75 ಆರ್ 15.

ಈಗ ಗುಣಾಕಾರ. 205ರ ಶೇ. 75 ಅಂದ್ರೆ 153.75 ಮಿಮೀ. ಪಕ್ಕೆ ಮೇಲೂ ಇರುತ್ತೆ, ಕೆಳಗೂ ಇರುತ್ತೆ, ಹಾಗಾಗಿ ಎರಡರಿಂದ ಗುಣಿಸಿ: 307.5. ರಿಮ್ಮಿನ 15 ಇಂಚು ಅಂದ್ರೆ 381 ಮಿಮೀ. ಕೂಡಿಸಿದ್ರೆ ಚಕ್ರದ ವ್ಯಾಸ 688.5. ಇದೇ ಲೆಕ್ಕ ನನ್ನ 235/75ಕ್ಕೆ ಹಾಕಿದ್ರೆ 733.5. ಶೇ. 6.5 ದೊಡ್ಡದು! ಸಾಮಾನ್ಯವಾಗಿ ಮೂಲ ವ್ಯಾಸಕ್ಕಿಂತ ಶೇ. 3ರ ಆಚೆ-ಈಚೆ ಹೋಗಬಾರದು ಅಂತಾರೆ. ನಾನು ಅದರ ಎರಡು ಪಟ್ಟು ದಾಟಿದ್ದೆ.

ಇದರಿಂದ ಏನಾಗುತ್ತೆ? ಸ್ಪೀಡೋಮೀಟರ್ 60 ತೋರಿಸಿದಾಗ ನಿಜವಾದ ವೇಗ 64ರ ಹತ್ತಿರ. ಅದು ಸಣ್ಣ ವಿಷಯ. ದೊಡ್ಡ ಚಕ್ರವನ್ನ ತಿರುಗಿಸೋಕೆ 1298 ಸಿಸಿ ಇಂಜಿನ್ ಹೆಚ್ಚು ತಿಣುಕಬೇಕು, ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗ್ತಿದ್ದದ್ದು ಎರಡಕ್ಕೆ ಇಳಿಯುತ್ತೆ. ಬ್ರೇಕಿನ ಕಥೆಯೂ ಅದೇ: ಡಿಸ್ಕು, ಡ್ರಮ್ಮು ಮೊದಲಿನಷ್ಟೇ ಇವೆ, ಅವು ಹಿಡಿದು ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದಾಗಿದೆ, ಭಾರವಾಗಿದೆ. ಅಷ್ಟೇ ಹಿಡಿತಕ್ಕೆ ಕಾಲು ಜಾಸ್ತಿ ಒತ್ತಬೇಕು. ಮತ್ತೆ ಗಾಡಿ 22 ಮಿಮೀ ಮೇಲೆದ್ದಿದೆ. ಅಗಲ ಕಡಿಮೆ, ಎತ್ತರ ಜಾಸ್ತಿ ಇರೋ ಗಾಡಿ ಮೊದಲೇ ತಿರುವಿನಲ್ಲಿ ವಾಲುತ್ತೆ. ಅದನ್ನ ಇನ್ನೂ ಎತ್ತರಿಸೋ ಮುಂಚೆ, ಮಗುಚಿದ್ರೆ ತಲೆ ಮೇಲಿರೋದು ಬರೀ ಬಟ್ಟೆ ಅನ್ನೋದನ್ನ ನೆನಪಿಟ್ಕೊಳ್ಳಬೇಕಿತ್ತು.

ರಿಮ್ಮಿನ ವಿಷಯವನ್ನೂ ನಾನು ನೋಡಿರಲಿಲ್ಲ. ನನ್ನ ರಿಮ್ಮಿನ ಅಗಲ 5.5 ಇಂಚು. 235 ಟೈರಿಗೆ ಕನಿಷ್ಠ 6 ಇಂಚು ಬೇಕು. ಕಿರಿದಾದ ರಿಮ್ಮಿನಲ್ಲಿ ಅಗಲ ಟೈರ್ ಕೂರಿಸಿದ್ರೆ ಅದು ಉಬ್ಬಿದ ಪೂರಿ ಥರ ಆಗುತ್ತೆ, ತಿರುವಿನಲ್ಲಿ ಪಕ್ಕಕ್ಕೆ ಹೊಯ್ದಾಡುತ್ತೆ. ಹಾಗಂತ ಅಗಲ ಅಲಾಯ್ ಹಾಕ್ಸಿದ್ರೆ ಆಯ್ತಲ್ಲ ಅಂತೀರಾ? ಜಿಪ್ಸಿಯದು 5 ಬೋಲ್ಟು, 139.7 ಮಿಮೀ ವೃತ್ತ. ಅಂದ್ರೆ ಸರಿಯಾಗಿ ಐದೂವರೆ ಇಂಚು, ಹಳೇ ಜೀಪಿನ ಅಳತೆಯೂ ಅದೇ. ಬೋಲ್ಟು ಕೂತ ಮಾತ್ರಕ್ಕೆ ಚಕ್ರ ಸರಿಯಾಯ್ತು ಅಂತಲ್ಲ. ಆಫ್‌ಸೆಟ್ ಬೇರೆ ಇದ್ರೆ ಚಕ್ರ ಮಡ್‌ಗಾರ್ಡಿನ ಹೊರಗೆ ಚಾಚಿಕೊಳ್ಳುತ್ತೆ, ಬೇರಿಂಗಿನ ಮೇಲೆ ಭಾರ ಬೀಳುತ್ತೆ, ಹೊಂಡಕ್ಕೆ ಇಳಿದಾಗಲೆಲ್ಲ ಸ್ಟಿಯರಿಂಗ್ ಕೈ ಕಿತ್ಕೊಳ್ಳುತ್ತೆ. ಪುಣೆಯ ಮಳೆಗಾಲದ ರಸ್ತೆ ಬಗ್ಗೆ ನಿಮಗೆ ನಾನೇನು ಹೇಳೋದು!

ಇನ್ನು ಆ ಆಳವಾದ ಕಚ್ಚು. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: ಮೊದಲೆರಡು ವಾರ, ಆಮೇಲಿನೆರಡು ವರ್ಷ. ನನ್ನದರಲ್ಲಿ 2211 ಅಂತ ಇತ್ತು, 2011ರ 22ನೇ ವಾರ. ಎಂಟು ವರ್ಷದ ರಬ್ಬರು! ಕಾನೂನು ಕೇಳೋದು ಕಾರಿಗೆ 1.6 ಮಿಮೀ ಕಚ್ಚು, ನನ್ನದು ಅದಕ್ಕಿಂತ ಎಷ್ಟೋ ಆಳ. ಆದ್ರೆ ರಬ್ಬರು ಒಣಗಿ ಗಟ್ಟಿಯಾಗಿತ್ತು, ಒದ್ದೆ ರಸ್ತೆಯನ್ನ ಹಿಡೀತಿರಲಿಲ್ಲ. ಹಳೇ ಗಾಡಿಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತೆ, ಯಾಕಂದ್ರೆ ನಾವು ಓಡಿಸೋದೇ ಭಾನುವಾರ. ಟೈರು ಸವೆಯೋಕೆ ಮುಂಚೆ ಮುದಿಯಾಗುತ್ತೆ.

ಹಾಗಾದ್ರೆ ಏನು ಹಾಕೋದು? ಎಫ್78ನ್ನೇ ಹುಡುಕಬಹುದು, ನಾನಾ ಪೇಠದಲ್ಲಿ ಎರಡು ಶನಿವಾರ ಸುತ್ತಿದೆ. ನನಗೆ ಸಿಕ್ಕಿದ ಜೋಡಿಯೂ ಹಳೇ ಸ್ಟಾಕು. ಎರಡೇ ಸಿಕ್ಕಿದ್ವಲ್ಲ, ಅವನ್ನ ಹಿಂದೆ ಹಾಕಿ ಮುಂದೆ ರೇಡಿಯಲ್ ಹಾಕಿದ್ರೆ? ಖಂಡಿತ ಬೇಡ. ಮುಂದಿನ ರೇಡಿಯಲ್ ರಸ್ತೆ ಹಿಡಿದಿರುತ್ತೆ, ಹಿಂದಿನ ಕ್ರಾಸ್‌ಪ್ಲೈ ಮೊದಲು ಬಿಟ್ಟುಕೊಡುತ್ತೆ, ಗಾಡಿಯ ಹಿಂಭಾಗ ತಿರುಗಿ ಮುಂದೆ ಬರುತ್ತೆ. ಎರಡು ಜಾತಿ ಬೆರೆಸಲೇಬಾರದು.

215/75 ಆರ್ 15 ಬೊಲೆರೋದ ಸೈಜು, ಬೇಕಾದಲ್ಲಿ ಸಿಗುತ್ತೆ. ವ್ಯಾಸ 703.5, ಬರೀ ಶೇ. 2.2 ಹೆಚ್ಚು. ತುಂಬಾ ಜಿಪ್ಸಿಯವರು ಇದನ್ನೇ ಹಾಕ್ತಾರೆ, ಲೆಕ್ಕದಲ್ಲಿ ತಪ್ಪಿಲ್ಲ. ನಾನು ಮಾತ್ರ 205/70 ಆರ್ 15 ಆರಿಸಿದೆ. ಒಂದು ಕಾರಣ, ಜಿಪ್ಸಿಯ ಹಾರ್ಡ್ ಟಾಪಿಗೆ ಕಂಪನಿಯೇ ಕೊಟ್ಟಿದ್ದ ಸೈಜು ಅದು. 2019ರ ಜನವರಿಯಲ್ಲಷ್ಟೇ ಸುಪ್ರೀಂ ಕೋರ್ಟು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಹೇಳಿತ್ತು. ಅದೇ ವರ್ಷ ನನ್ನ ಗಾಡಿಗೆ 15 ತುಂಬಿ ಆರ್‌ಟಿಒದಲ್ಲಿ ಫಿಟ್‌ನೆಸ್ ಮಾಡಿಸಬೇಕಿತ್ತು. ಇನ್ನೊಂದು, ಅದರ ವ್ಯಾಸ 668, ಅಂದ್ರೆ ಶೇ. 3 ಕಡಿಮೆ. ಗಾಡಿ ಒಂದು ಸೆಂಟಿಮೀಟರ್ ಕೆಳಗೆ ಕೂರುತ್ತೆ, ಘಾಟಿನಲ್ಲಿ ಎಳೆತ ಹೆಚ್ಚುತ್ತೆ. ನಷ್ಟವೂ ಇದೆ: ಬೆಂಗಳೂರು ಹೈವೇಯಲ್ಲಿ 80ಕ್ಕೇ ಇಂಜಿನ್ ಕೂಗುತ್ತೆ, ಟಾಪ್ ತೆಗೆದಿದ್ರೆ ಪಕ್ಕದವರ ಮಾತು ಕೇಳಿಸಲ್ಲ. ನಾನೇನು ಹೈವೇಗೆ ಅಂತ ಜಿಪ್ಸಿ ಇಟ್ಕೊಂಡಿಲ್ಲ.

ಇದಕ್ಕಿಂತ ಹಳೇ ತೆರೆದ ಕಾರು, ಎಂಜಿ ಥರದ್ದು, ಇರೋ ಅದೃಷ್ಟವಂತರಿಗೆ ಎರಡೇ ಮಾತು. 165 ಆರ್ 14 ಅಂತ ಮಾತ್ರ ಬರೆದು ಶೇಕಡಾ ಕೊಟ್ಟಿಲ್ಲದಿದ್ರೆ ಅದನ್ನ ಸುಮಾರು 80 ಅಂತ ಹಿಡ್ಕೊಂಡು ಲೆಕ್ಕ ಹಾಕಿ. ತಂತಿ ಕಡ್ಡಿಯ ಚಕ್ರ ಆದ್ರೆ ಟ್ಯೂಬ್ ಹಾಕಿಸಿ. ಕಡ್ಡಿ ಕೂರೋ ತೂತುಗಳಿಂದ ಗಾಳಿ ಸೋರುತ್ತೆ.

ಬಿಲ್ ನೋಡಿ ಹೆಂಡತಿ ಕೇಳಿದಳು, "ಚಕ್ರ ನಾಲ್ಕಲ್ವಾ, ಐದು ಟೈರ್ ಯಾಕ್ರೀ?" ನ್ಯಾಯವಾದ ಪ್ರಶ್ನೆ. ಜಿಪ್ಸಿಯ ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಬೆಸೆದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನ ದಾರಿಯಲ್ಲಿ ಪಂಕ್ಚರ್ ಆಗಿ ಹಿಂಬಾಗಿಲಿನ ದೊಡ್ಡ ಸ್ಟೆಪ್ನಿ ಹಾಕಿದ್ರೆ, ಆ ವ್ಯಾಸದ ವ್ಯತ್ಯಾಸವನ್ನೆಲ್ಲ ಗೇರ್‌ಬಾಕ್ಸ್ ನುಂಗಬೇಕು. ಅದಕ್ಕೇ ಐದು. ಐದನೇದರ ದುಡ್ಡು ಅಪ್ಪ ಕೊಟ್ರು.