ಪರದೆಗೆ ಹೋಗುವ ತಂತಿ

ಬೀದರ ಜಿಲ್ಲೆಯ ನಕಾಶೆಯನ್ನು ಬಿಡಿಸಿ ನೋಡಿದರೆ, ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯು ಹುಮನಾಬಾದನ್ನು ಹಾದು, ಬಸವಕಲ್ಯಾಣದ ಸಮೀಪದಲ್ಲಿಯೇ ಮುಂದುವರಿಯುವುದು ಕಾಣುತ್ತದೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಹನ್ನೆರಡನೆಯ ಶತಮಾನದ ಶರಣರು ನಡೆದಾಡಿದ ನೆಲ. ಅವರ ಮಾತುಗಳು ತಾಳೆಗರಿಯ ಮೇಲೆ ಲೋಹದ ಮೊನೆಯಿಂದ ಕೊರೆಯಲ್ಪಟ್ಟು ಶತಮಾನಗಳ ಕಾಲ ಮನೆಮಠಗಳಲ್ಲಿ ಉಳಿದುವು. ಫ. ಗು. ಹಳಕಟ್ಟಿಯವರು ಅಂತಹ ಗರಿಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿನಲ್ಲಿ ಹೊರತಂದರು. ಇಂದು ಅದೇ ಅಕ್ಷರಗಳು ಗಣಕಯಂತ್ರದ ಪರದೆಯ ಮೇಲೆ ಮೂಡುತ್ತವೆ. ಗರಿಯ ಅಕ್ಷರಕ್ಕೂ ಓದುಗನ ಕಣ್ಣಿಗೂ ನಡುವೆ ಬೇರೇನೂ ಇರಲಿಲ್ಲ. ಪರದೆಯ ಅಕ್ಷರವಾದರೋ, ಒಂದೆರಡು ಮೀಟರ್ ಉದ್ದದ ಕೇಬಲ್ಲಿನ ಮೂಲಕ ಹರಿದು ಬಂದು ನಮಗೆ ಕಾಣಬೇಕು. ಆ ಕೇಬಲ್ಲಿನ ಕಡೆಗೆ ಯಾರೂ ಸಾಮಾನ್ಯವಾಗಿ ಗಮನ ಕೊಡುವುದಿಲ್ಲ.

ಹುಮನಾಬಾದಿನಲ್ಲಿ ಅಕ್ಷರ ಜೋಡಣೆಯ ಕೆಲಸ ಮಾಡುವ ನನ್ನ ಮಿತ್ರರೊಬ್ಬರು ಸಾಲ ಮಾಡಿ ಒಂದು ದೊಡ್ಡ ಮಾನಿಟರನ್ನು ಕೊಂಡರು. ಅಡ್ಡಲಾಗಿ 3840, ಲಂಬವಾಗಿ 2160 ಬಿಂದುಗಳುಳ್ಳ, ಜನರು ‘ಫೋರ್ ಕೆ’ ಎಂದು ಕರೆಯುವ ಬಗೆಯದು ಅದು. ಜಾತ್ರೆಗೆಂದು ವಚನಗಳ ಕಿರುಪುಸ್ತಕವೊಂದನ್ನು ಅವರು ಸಿದ್ಧಪಡಿಸುತ್ತಿದ್ದರು. ಹೊಸ ಪರದೆಯು ಗಳಿಗೆಗೊಮ್ಮೆ ಕಪ್ಪಾಗಿ ಮತ್ತೆ ಬೆಳಗತೊಡಗಿತು. ಒಮ್ಮೊಮ್ಮೆ ಬಿಳಿಯ ಚುಕ್ಕೆಗಳು ಮಿಂಚಿ ಮಾಯವಾಗುತ್ತಿದ್ದುವು. ಬೇಸತ್ತು ಅವರು ಬಿಂದುಗಳ ಸಂಖ್ಯೆಯನ್ನು 1920ಕ್ಕೆ 1080 ಎಂದು ಇಳಿಸಿದರು. ಮಿನುಗು ನಿಂತಿತು. ಆದರೆ ಅಕ್ಷರಗಳ ಅಂಚು ಮಸುಕಾಯಿತು. ‘ವ್ಯಥೆ’ ಎಂದಿರಬೇಕಾದಲ್ಲಿ ‘ವ್ಯಧೆ’ ಎಂದು ಬೆರಳಚ್ಚಾಗಿದ್ದುದು ಆ ಮಸುಕಿನಲ್ಲಿ ಕಣ್ಣಿಗೆ ಬೀಳಲಿಲ್ಲ. ಹಾಗೆಯೇ ಅಚ್ಚಾಗಿಯೂ ಹೋಯಿತು. ಪರದೆಯೇ ಕೆಟ್ಟಿದೆ ಎಂದು ಒಬ್ಬರು, ಗಣಕದೊಳಗಿನ ಚಿತ್ರಫಲಕವನ್ನು ಬದಲಿಸಬೇಕೆಂದು ಇನ್ನೊಬ್ಬರು ಅವರಿಗೆ ಸಲಹೆ ಕೊಟ್ಟರು. ಎರಡೂ ಸಾವಿರಾರು ರೂಪಾಯಿಗಳ ಮಾತು. ದೋಷವಿದ್ದುದು ಕೇಬಲ್ಲಿನಲ್ಲಿ.

ಕನ್ನಡ ಲಿಪಿಗೆ ಸೂಕ್ಷ್ಮವಾದ ಪರದೆ ಏಕೆ ಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ದ, ಧ, ಥ ಈ ಮೂರನ್ನು ಒಂದರ ಕೆಳಗೊಂದು ಸಣ್ಣದಾಗಿ ಬರೆದು ದೂರದಿಂದ ನೋಡಿರಿ. ಕೆಳಗಿನ ಒಂದು ಸೀಳು, ನಡುವಿನ ಒಂದು ಚುಕ್ಕೆ, ಇಷ್ಟೇ ಅವುಗಳ ಅಂತರ. ಪ ಮತ್ತು ಷ ಇವುಗಳ ನಡುವೆಯೂ ಅಷ್ಟೇ. ಇದರ ಮೇಲೆ ಒತ್ತಕ್ಷರವು ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂಡುತ್ತದೆ. ಅದೇ ಗಾತ್ರದ ರೋಮನ್ ಅಕ್ಷರಕ್ಕೆ ಸಾಲುವಷ್ಟು ಬಿಂದುಗಳು ‘ಸ್ತ್ರೀ’ ಎಂಬ ಅಕ್ಷರಕ್ಕೆ ಸಾಲುವುದಿಲ್ಲ. ಆದುದರಿಂದ ಹೆಚ್ಚು ಬಿಂದುಗಳ ಪರದೆಯು ಕನ್ನಡದ ಕೆಲಸ ಮಾಡುವವರಿಗೆ ಆಡಂಬರದ ವಸ್ತುವಲ್ಲ.

ಈಗ ಲೆಕ್ಕವನ್ನು ನೋಡೋಣ. 3840ನ್ನು 2160ರಿಂದ ಗುಣಿಸಿದರೆ 82,94,400 ಬಿಂದುಗಳಾದುವು. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ತಿಳಿಸಲು 24 ಬಿಟ್‌ಗಳು, ಅಂದರೆ ಸೊನ್ನೆ ಅಥವಾ ಒಂದು ಎಂಬ 24 ಸಂಕೇತಗಳು ಬೇಕು. ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಲ್ಪಡುತ್ತದೆ. ಎಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 1,194 ಕೋಟಿ ಬಿಟ್‌ಗಳಾಗುತ್ತವೆ. ಸಾಲುಸಾಲುಗಳ ನಡುವಿನ ಬಿಡುವಿನ ಕಾಲವನ್ನೂ, ಸಂಕೇತಗಳು ಕೆಡದಂತೆ ಎಂಟಕ್ಕೆ ಹತ್ತಾಗಿ ಸೇರಿಸಿ ಕಳುಹಿಸುವ ಹೆಚ್ಚುವರಿಯನ್ನೂ ಕೂಡಿಸಿದರೆ, ಎಚ್‌ಡಿಎಂಐ ಕೇಬಲ್ಲಿನಲ್ಲಿ ಹರಿಯುವ ಮೊತ್ತ ಸುಮಾರು 1,782 ಕೋಟಿ. ಹಳೆಯ 1920ಕ್ಕೆ 1080ರ ಪರದೆಗೆ ಬೇಕಾದುದು ಇದರ ನಾಲ್ಕನೆಯ ಒಂದು ಭಾಗ ಮಾತ್ರ. ನಮ್ಮ ಮನೆಗಳಲ್ಲಿ ಟಿ.ವಿ. ಪೆಟ್ಟಿಗೆಗೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ತೊಂದರೆ ಕೊಡದಿದ್ದ ಕೇಬಲ್ಲು ಹೊಸ ಮಾನಿಟರಿನಲ್ಲಿ ಸೋಲುವುದು ಈ ಕಾರಣದಿಂದ. ಕೇಬಲ್ಲು ಹಳತಾಗಿ ಕೆಟ್ಟಿತೆಂದಲ್ಲ. ಅದರ ಮೇಲೆ ನಾಲ್ಕು ಪಟ್ಟು ಹೊರೆ ಬಿದ್ದಿದೆ.

ಈ ಹೊರೆಯನ್ನು ಹೊರುವ ಬಗೆಯೂ ವಿಸ್ಮಯಕರವಾದುದು. 1987ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ವಿಜಿಎ ಎಂಬ ಜೋಡಣೆಯಲ್ಲಿ ಬಣ್ಣದ ಪ್ರಮಾಣವು ವಿದ್ಯುತ್ತಿನ ಏರಿಳಿತವಾಗಿಯೇ ಹೋಗುತ್ತಿದ್ದಿತು. ಕೇಬಲ್ಲು ಕಳಪೆಯಾದರೆ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು, ಅಕ್ಷರದ ಪಕ್ಕದಲ್ಲಿ ನೆರಳು ಕಾಣುತ್ತಿತ್ತು. 2002ರಲ್ಲಿ ಬಂದ ಎಚ್‌ಡಿಎಂಐ, 2006ರಲ್ಲಿ ಬಂದ ಡಿಸ್‌ಪ್ಲೇ ಪೋರ್ಟ್ ಇವುಗಳಲ್ಲಿ ಹೋಗುವುದು ಸೊನ್ನೆ ಮತ್ತು ಒಂದು ಮಾತ್ರ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರವನ್ನು ಒಯ್ಯಲು ಮೂರು ಜೋಡಿ ತಂತಿಗಳಿದ್ದು, ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ ಸುಮಾರು 600 ಕೋಟಿ ಬಿಟ್‌ಗಳು ಓಡುತ್ತವೆ. ತಂತಿಯಲ್ಲಿ ಸಂಕೇತವು ಬೆಳಕಿಗಿಂತ ತುಸು ನಿಧಾನವಾಗಿ, ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುಮಾರು 20 ಸೆಂಟಿಮೀಟರ್ ಚಲಿಸುತ್ತದೆ. ಈ ಲೆಕ್ಕದಿಂದ ಒಂದು ಬಿಟ್ಟಿನ ಉದ್ದ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಿಮ್ಮ ಕಿರುಬೆರಳಿನ ಅರ್ಧಕ್ಕಿಂತ ತುಸು ಉದ್ದ. ಎರಡು ಮೀಟರ್ ಕೇಬಲ್ಲಿನ ಒಂದೊಂದು ಜೋಡಿಯಲ್ಲೂ ಯಾವ ಕ್ಷಣದಲ್ಲಿ ನೋಡಿದರೂ ಸುಮಾರು 60 ಬಿಟ್‌ಗಳು ಇರುವೆಗಳ ಸಾಲಿನಂತೆ ಒಂದರ ಹಿಂದೊಂದು ಸಾಗುತ್ತಿರುತ್ತವೆ.

ಒಂದೇ ಸಂಕೇತವನ್ನು ಜೋಡಿಯ ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಕಳುಹಿಸುತ್ತಾರೆ. ಹೊರಗಿನ ವಿದ್ಯುತ್ ಕಲಕು ಬಂದರೆ ಅದು ಎರಡನ್ನೂ ಸಮನಾಗಿ ತಟ್ಟುತ್ತದೆ. ಪರದೆಯು ಎರಡರ ವ್ಯತ್ಯಾಸವನ್ನಷ್ಟೇ ಗಣನೆಗೆ ತೆಗೆದುಕೊಳ್ಳುವುದರಿಂದ ಕಲಕು ಕಳೆದುಹೋಗುತ್ತದೆ. ಆದರೆ ಇದು ಸರಿಯಾಗಿ ನಡೆಯಬೇಕಾದರೆ ಜೋಡಿಯ ಎರಡು ತಂತಿಗಳೂ ಒಂದೇ ಉದ್ದವಾಗಿರಬೇಕು, ಅವುಗಳ ನಡುವಿನ ಅಂತರ ಆದ್ಯಂತ ಒಂದೇ ಆಗಿರಬೇಕು. ಬಿಟ್ಟಿನ ಉದ್ದವೇ ಮೂರು ಸೆಂಟಿಮೀಟರಿರುವಾಗ ಕೆಲವು ಮಿಲಿಮೀಟರುಗಳ ಹೆಚ್ಚುಕಡಮೆಯೂ ದೋಷವಾಗುತ್ತದೆ. ಕೇಬಲ್ಲನ್ನು ಗೋಡೆಯ ಮೂಲೆಗೆ ಚೂಪಾಗಿ ಮಡಿಸಿ ಮೇಜಿನ ಕಾಲಿನ ಕೆಳಗೆ ಒತ್ತಿ ಇಡುವವರು ಈ ಅಂತರವನ್ನು ತಾವೇ ಕೆಡಿಸುತ್ತಾರೆ.

ಇನ್ನೊಂದು ಸಂಗತಿ ಇದೆ. ಇಷ್ಟು ವೇಗದ ವಿದ್ಯುತ್ತು ತಾಮ್ರದ ತಂತಿಯ ಒಳಗೆಲ್ಲ ಹರಿಯುವುದಿಲ್ಲ. ಮಿಲಿಮೀಟರಿನ ಸುಮಾರು ಸಾವಿರದ ಒಂದು ಭಾಗದಷ್ಟು ಆಳದ ಮೇಲ್ಪದರದಲ್ಲಿಯೇ ಹರಿಯುತ್ತದೆ. ದಾರಿ ಕಿರಿದಾದಷ್ಟೂ ತಡೆ ಹೆಚ್ಚು. ತಂತಿ ತೆಳುವಾದರೆ ಮೇಲ್ಮೈ ಕಡಮೆಯಾಗುತ್ತದೆ, ಉದ್ದವಾದರೆ ನಷ್ಟ ಬೆಳೆಯುತ್ತದೆ. ತಂತಿಯ ದಪ್ಪವನ್ನು ತಿಳಿಸುವ ಎಡಬ್ಲ್ಯುಜಿ ಎಂಬ ಅಂಕಿಯನ್ನು ಕೆಲವು ಕೇಬಲ್ಲುಗಳ ಹೊದಿಕೆಯ ಮೇಲೆ ಮುದ್ರಿಸಿರುತ್ತಾರೆ. ಅದರ ರೀತಿ ವಿಚಿತ್ರ: ಅಂಕಿ ದೊಡ್ಡದಾದಂತೆ ತಂತಿ ತೆಳ್ಳಗಾಗುತ್ತದೆ. 30 ಎಂದಿದ್ದರೆ ವ್ಯಾಸ ಕಾಲು ಮಿಲಿಮೀಟರ್. 24 ಎಂದಿದ್ದರೆ ಅರ್ಧ ಮಿಲಿಮೀಟರ್. ಒಂದೆರಡು ಮೀಟರಿಗೆ ತೆಳುವಾದುದೂ ನಡೆಯುತ್ತದೆ. ತಾಮ್ರದ ಸಾದಾ ಕೇಬಲ್ಲು ಐದು ಮೀಟರ್ ದಾಟಿ ಈ ಹೊರೆಯನ್ನು ಹೊರುವುದು ಕಷ್ಟ. ದೂರಕ್ಕೆ ಬೆಳಕಿನ ಎಳೆಯ ಕೇಬಲ್ಲುಗಳಿವೆ, ಬೆಲೆ ಜಾಸ್ತಿ. ತುದಿಗಳಿಗೆ ಬಂಗಾರದ ಲೇಪವಿದೆಯೆಂದು ಹೇಳಿ ಮಾರುವವರೂ ಉಂಟು. ಆ ಲೇಪದಿಂದ ತುದಿ ಕಿಲುಬು ಹಿಡಿಯುವುದಿಲ್ಲ ಎಂಬುದು ನಿಜ, ಚಿತ್ರ ಮಾತ್ರ ಅದರಿಂದ ಅಂದವಾಗುವುದಿಲ್ಲ.

ಸಂಕೇತ ಕ್ಷೀಣಿಸಿದಾಗ ಏನಾಗುತ್ತದೆ? ಸಂತೆಯ ಗದ್ದಲದಲ್ಲಿ ದೂರದಲ್ಲಿ ನಿಂತವನು ‘ಹೌದು’ ಅಥವಾ ‘ಇಲ್ಲ’ ಎಂದು ಕೂಗುತ್ತಿದ್ದಾನೆಂದು ಭಾವಿಸಿರಿ. ಅವನ ಧ್ವನಿ ಕ್ಷೀಣವಾದರೂ ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ನಿಮಗೆ ದೊರೆತ ಸುದ್ದಿ ಪೂರ್ಣ ಸರಿಯೇ. ಇನ್ನೂ ಸ್ವಲ್ಪ ಕ್ಷೀಣವಾದರೆ ಹೌದು ಇಲ್ಲವಾಗಿ, ಇಲ್ಲ ಹೌದಾಗಿ ಕೇಳತೊಡಗುತ್ತದೆ. ಆದುದರಿಂದ ಒಳ್ಳೆಯ ಕೇಬಲ್ಲಿಗೂ ಸಾಧಾರಣ ಕೇಬಲ್ಲಿಗೂ ಚಿತ್ರದಲ್ಲಿ ಭೇದವೇ ಇಲ್ಲದಿರಬಹುದು. ಮಿತಿ ದಾಟಿದೊಡನೆ ಮಾತ್ರ ಚುಕ್ಕೆಗಳು ಮಿಂಚುತ್ತವೆ, ಪರದೆ ಕಪ್ಪಾಗುತ್ತದೆ, ಚಿತ್ರ ಬರುವುದೇ ನಿಲ್ಲುತ್ತದೆ. ನನ್ನ ಮಿತ್ರರ ಪರದೆಯಲ್ಲಿ ಕಂಡ ಲಕ್ಷಣಗಳು ಇವೇ. ಡಿಸ್‌ಪ್ಲೇ ಪೋರ್ಟಿನಲ್ಲಿ ಗಣಕವೂ ಪರದೆಯೂ ಮೊದಲು ಪರೀಕ್ಷೆಯ ಸಂಕೇತಗಳನ್ನು ವಿನಿಮಯ ಮಾಡಿಕೊಂಡು, ಕೇಬಲ್ಲು ತಾಳದಿದ್ದರೆ ತಾವಾಗಿಯೇ ವೇಗವನ್ನು ಇಳಿಸುತ್ತವೆ. ಆಗ ಪೂರ್ಣ ಸೂಕ್ಷ್ಮತೆಯನ್ನು ಆರಿಸುವ ಅವಕಾಶವೇ ಪಟ್ಟಿಯಲ್ಲಿ ಕಾಣದಿರಬಹುದು. ಇದೂ ಕೇಬಲ್ಲಿನ ದೋಷದ ಒಂದು ಗುರುತೇ.

ಹೊಸ ಕೇಬಲ್ಲಿಗಾಗಿ ಮಿತ್ರರೂ ನಾನೂ ಎರಡೂ ಊರುಗಳಲ್ಲಿ ತಿರುಗಿದೆವು. ಬಸವಕಲ್ಯಾಣದ ಅಂಗಡಿಯೊಂದರಲ್ಲಿ ಹುಡುಗನೊಬ್ಬನು ಡಬ್ಬಿಯನ್ನು ಮುಂದಿಟ್ಟು, “ಸರ್, ಇದು ಫೋರ್ ಕೆ ವಯರ್ ಅದರಿ, ಡಬ್ಬಿ ಮ್ಯಾಲೇ ಬರ್ದಾರ ನೋಡ್ರಿ” ಎಂದನು. ಬರೆದಿದ್ದುದು ನಿಜ. ಆದರೆ ಸೆಕೆಂಡಿಗೆ 30 ಚಿತ್ರಗಳನ್ನು ಮಾತ್ರ ಒಯ್ಯುವ ಕೇಬಲ್ಲಿಗೂ ‘ಫೋರ್ ಕೆ’ ಎಂದು ಬರೆಯಲು ಅಡ್ಡಿಯಿಲ್ಲ. 30ರಲ್ಲಿ ಇಲಿಯ ಬಾಣದ ಗುರುತು ಹರಿಯದೆ ಕುಪ್ಪಳಿಸುತ್ತದೆ. ದಿನವಿಡೀ ಕೆಲಸ ಮಾಡುವವರ ಕಣ್ಣಿಗೆ ಅದು ದಣಿವು. ಹುಡುಗನನ್ನು ದೂರಿ ಫಲವಿಲ್ಲ. ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಟಿ.ವಿ.ಗಾಗಿ ಬರುವವರು, ಅವರಿಗೆ ಅದು ಸಾಕಾಗುತ್ತದೆ.

ಡಬ್ಬಿಯ ಮೇಲೆ ನೋಡಬೇಕಾದುದು ‘ಫೋರ್ ಕೆ’ ಎಂಬ ಮಾತನ್ನಲ್ಲ, 2.0 ಅಥವಾ 2.1 ಎಂಬ ಅಂಕಿಯನ್ನೂ ಅಲ್ಲ. ಆ ಅಂಕಿಗಳು ಯಂತ್ರಗಳಿಗೆ ಸಂಬಂಧಿಸಿದುವು. ಎಚ್‌ಡಿಎಂಐ ಕೇಬಲ್ಲುಗಳಿಗೆ ವೇಗದ ದರ್ಜೆಯ ಹೆಸರುಗಳಿವೆ. ‘ಹೈ ಸ್ಪೀಡ್’ ಎಂಬುದು ಸೆಕೆಂಡಿಗೆ 10.2 ಗಿಗಾಬಿಟ್ ಒಯ್ಯುತ್ತದೆ. ಒಂದು ಗಿಗಾಬಿಟ್ ಎಂದರೆ ನೂರು ಕೋಟಿ ಬಿಟ್. ‘ಪ್ರೀಮಿಯಂ ಹೈ ಸ್ಪೀಡ್’ ಎಂಬುದು 18 ಗಿಗಾಬಿಟ್‌ಗೆ, ‘ಅಲ್ಟ್ರಾ ಹೈ ಸ್ಪೀಡ್’ ಎಂಬುದು 48 ಗಿಗಾಬಿಟ್‌ಗೆ ಪರೀಕ್ಷಿಸಲ್ಪಟ್ಟಿರುತ್ತದೆ. ನಮ್ಮ ಲೆಕ್ಕಕ್ಕೆ ಬೇಕಾದುದು 17.82, ಎಂದರೆ ಎರಡನೆಯ ದರ್ಜೆ ಸಾಕು. ಈ ಕೊನೆಯ ಎರಡು ದರ್ಜೆಗಳ ಡಬ್ಬಿಯ ಮೇಲೆ ಚೌಕದ ಸಂಕೇತವುಳ್ಳ ಪ್ರಮಾಣದ ಚೀಟಿ ಇರುತ್ತದೆ. ಅದಕ್ಕೆಂದೇ ಇರುವ ಆ್ಯಪಿನಿಂದ ಮೊಬೈಲಿನಲ್ಲಿ ಓದಿಸಿದರೆ ಕೇಬಲ್ಲಿನ ತಯಾರಕರೂ ಉದ್ದವೂ ತಿಳಿಯುತ್ತವೆ. ಚೀಟಿ ಮೂರು ಮೀಟರ್ ಎಂದು ಹೇಳಿ ಕೈಯಲ್ಲಿರುವುದು ಐದು ಮೀಟರಾದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಒಳಿತು. ಡಿಸ್‌ಪ್ಲೇ ಪೋರ್ಟಿನ ಕೇಬಲ್ಲುಗಳಲ್ಲಿ ‘ಡಿಪಿ 8 ಕೆ’ ಎಂಬುದು 32.4 ಗಿಗಾಬಿಟ್‌ಗೂ, ‘ಡಿಪಿ 40’ ಮತ್ತು ‘ಡಿಪಿ 80’ ಎಂಬುವು ಆಯಾ ಅಂಕಿಯಷ್ಟು ಗಿಗಾಬಿಟ್‌ಗೂ ವೆಸಾ ಎಂಬ ಮಂಡಳಿಯ ಪರೀಕ್ಷೆಗೆ ಒಳಗಾದುವು.

ಡಿಸ್‌ಪ್ಲೇ ಪೋರ್ಟಿನ ಕಳಪೆ ಕೇಬಲ್ಲಿನಿಂದ ಬೇರೊಂದು ಅಪಾಯವೂ ಉಂಟು. ಆ ಜೋಡಣೆಯಲ್ಲಿ 20 ಪಿನ್ನುಗಳಿವೆ. ಕೊನೆಯ, 20ನೆಯ ಪಿನ್ನಿನಲ್ಲಿ 3.3 ವೋಲ್ಟ್ ವಿದ್ಯುತ್ ಇರುತ್ತದೆ. ಸಾಮಾನ್ಯ ಕೇಬಲ್ಲಿನಲ್ಲಿ ಈ ಪಿನ್ನನ್ನು ಎರಡು ತುದಿಗಳ ನಡುವೆ ಜೋಡಿಸಲೇಬಾರದೆಂಬುದು ನಿಯಮ. ತಿಳಿಯದೆ ಜೋಡಿಸಿದ ಕೇಬಲ್ಲಿನ ಮೂಲಕ ಮಾನಿಟರಿನ ವಿದ್ಯುತ್ತು ಹಿಮ್ಮುಖವಾಗಿ ಗಣಕದೊಳಕ್ಕೆ ನುಗ್ಗಿ, ಗಣಕವು ಆರಂಭವಾಗಲೇ ನಿರಾಕರಿಸಬಹುದು. ಚಿತ್ರದ ಕೇಬಲ್ಲನ್ನು ಕಿತ್ತೊಡನೆ ಗಣಕ ಸರಿಯಾಗಿ ಎದ್ದರೆ ಇದನ್ನೇ ಸಂಶಯಿಸಬೇಕು. ಇನ್ನು ಟೈಪ್ ಸಿ ಎಂಬ ಚಪ್ಪಟೆ ತುದಿಯ ಕೇಬಲ್ಲುಗಳು ನೋಡಲು ಎಲ್ಲವೂ ಒಂದೇ. ಮೊಬೈಲಿಗೆ ವಿದ್ಯುತ್ ತುಂಬಿಸುವ ಸಾಮಾನ್ಯ ಕೇಬಲ್ಲಿನಲ್ಲಿ ಚಿತ್ರವನ್ನು ಒಯ್ಯುವ ತಂತಿಗಳೇ ಇರುವುದಿಲ್ಲ.

ಎರಡೂ ಊರುಗಳಲ್ಲಿ ಬೇಕಾದುದು ಸಿಕ್ಕಲಿಲ್ಲ. 2017ರಲ್ಲಿ ಬೀದರ–ಕಲಬುರಗಿ ರೈಲುದಾರಿ ಪೂರ್ಣಗೊಂಡ ಮೇಲೆ ಹುಮನಾಬಾದಿನವರಿಗೆ ಕಲಬುರಗಿ ಇನ್ನಷ್ಟು ಹತ್ತಿರವಾಗಿದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಂತೂ ಗಣಕಸಾಮಗ್ರಿಯ ಅಂಗಡಿಗಳೇ ತುಂಬಿವೆ. ಅಂಚೆಯ ಮೂಲಕ ತರಿಸುವುದೂ ಸುಲಭವೇ. ನಾವು ಹೀಗೆ ತರಿಸಿದೆವು. ಎಲ್ಲಿ ಕೊಂಡರೂ ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷೆ ಮಾಡಿಕೊಳ್ಳುವುದು ಮುಖ್ಯ. ಮಾನಿಟರನ್ನೂ ಗಣಕವನ್ನೂ ಮೊದಲು ಆರಿಸಬೇಕು. ನೆಲಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್ಟಿಗೇ ಎರಡನ್ನೂ ಜೋಡಿಸಿರಬೇಕು. ನೆಲಸಂಪರ್ಕವಿಲ್ಲದ ಮನೆಗಳಲ್ಲಿ ತುದಿಯನ್ನು ಸಿಕ್ಕಿಸುವಾಗ ಬೆರಳು ಜುಮ್ಮೆನ್ನುವುದುಂಟು. ಬೆರಳಿಗೆ ಜುಮ್ಮೆಂದುದು ಒಳಗಿನ ಸೂಕ್ಷ್ಮ ಭಾಗಗಳಿಗೆ ಪೆಟ್ಟಾಗಬಹುದು. ಆಮೇಲೆ ಪೂರ್ಣ ಬಿಂದುಗಳನ್ನೂ 60ರ ವೇಗವನ್ನೂ ಆರಿಸಿ, ನೀಲಿಯ ಮೇಲೆ ಕೆಂಪಿನ ಸಣ್ಣ ಅಕ್ಷರಗಳನ್ನು ಬರೆದು ನೋಡಬೇಕು. ಬಣ್ಣದ ಅಂಚು ಕಲಸಿಕೊಂಡಿದ್ದರೆ ಹೊರೆ ತಗ್ಗಿಸಲೆಂದು ಬಣ್ಣದ ವಿವರವನ್ನು ಕಡಿತ ಮಾಡಿ ಕಳುಹಿಸಲಾಗುತ್ತಿದೆ ಎಂದರ್ಥ. ಕೊನೆಗೆ ಎರಡು ಗಂಟೆಗಳ ಕಾಲ ಚಲಿಸುವ ಚಿತ್ರವನ್ನು ಓಡಿಸಿ ಬಿಡಬೇಕು. ಐದು ನಿಮಿಷದಲ್ಲಿ ತೋರದ ಮಿನುಗು ಆಗ ತೋರಬಹುದು.

ಮಿತ್ರರ ಹಳೆಯ ಕೇಬಲ್ಲು ಐದು ಮೀಟರ್ ಉದ್ದದ್ದಾಗಿತ್ತು. ಗಣಕವನ್ನು ಕೋಣೆಯ ಆಚೆಯ ಮೂಲೆಯಲ್ಲಿಟ್ಟಿದ್ದುದೇ ಅದಕ್ಕೆ ಕಾರಣ. ಹೊಸ ಕೇಬಲ್ಲು ಬರುವ ಮೊದಲೇ ನಾವು ಗಣಕವನ್ನು ಮೇಜಿನ ಪಕ್ಕಕ್ಕೆ ಸರಿಸಿದೆವು. ಹೊಸದು ಎರಡು ಮೀಟರಿನದು, ಎರಡನೆಯ ದರ್ಜೆಯದು. ಅದನ್ನು ಸಿಕ್ಕಿಸಿ, ಪೂರ್ಣ ಬಿಂದುಗಳಲ್ಲಿ ಅದೇ ಕಿರುಪುಸ್ತಕದ ಪುಟವನ್ನು ತೆರೆದಾಗ ‘ವ್ಯಧೆ’ಯ ಧಕಾರದ ಸೀಳು ಮೊದಲ ನೋಟಕ್ಕೇ ಕಂಡಿತು. ಅವರು ಏನೂ ಮಾತನಾಡದೆ ತಿದ್ದಿ, ಅಚ್ಚಾಗಿ ಕಟ್ಟಿಟ್ಟಿದ್ದ ಪ್ರತಿಗಳಿಗೆ ಅಂಟಿಸಲು ಒಂದು ತಿದ್ದುಪಡಿಯ ಚೀಟಿಯನ್ನು ಜೋಡಿಸಲು ಕುಳಿತರು.