ಗೆರೆಗೆ ಗೆರೆ ತಾಗದ ಹಾಗೆ

ಮಕ್ಕಳೇ, ಹಾಳೆಯ ಮೇಲೆ ಒಂದು ಸಾಲಿನಲ್ಲಿ ಮೂರು ಚುಕ್ಕೆ ಇಟ್ಟು ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಬರೆಯಿರಿ. ಕೆಳಗೆ ಇನ್ನೂ ಮೂರು ಚುಕ್ಕೆ ಇಡಿ: ನೀರು, ವಿದ್ಯುತ್ತು, ಅಂಚೆ. ಈಗ ಪ್ರತಿ ಊರಿನಿಂದ ಈ ಮೂರಕ್ಕೂ ಒಂದೊಂದು ಗೆರೆ ಎಳೆಯಿರಿ. ಗೆರೆ ಎಷ್ಟು ಸುತ್ತಿ ಬಂದರೂ ಸರಿ, ಇನ್ನೊಂದನ್ನು ದಾಟಬಾರದು. ಬೇರೆ ಚುಕ್ಕೆಯ ಮೇಲೂ ಹಾಯಬಾರದು. ಒಟ್ಟು 9 ಗೆರೆಗಳಲ್ಲಿ 8ನ್ನು ಎಳೆಯಬಹುದು. ಒಂಬತ್ತನೆಯದು ಯಾರಿಂದಲೂ ಆಗದು. ಇದು ಅಸಾಧ್ಯವೆಂದು ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ.

ರೇಡಿಯೊದಂತಹ ಸಾಧನಗಳಿಗೆ ಸರ್ಕ್ಯೂಟ್ ಬೋರ್ಡು ರಚಿಸುವವರಿಗೂ ಇದೇ ತೊಡಕು. ಅಗ್ಗದ ಬೋರ್ಡಿನಲ್ಲಿ ವಿದ್ಯುತ್ತು ಹರಿಯುವ ತಾಮ್ರದ ಗೆರೆಗಳು ಒಂದೇ ಮಗ್ಗುಲಲ್ಲಿರುತ್ತವೆ. ಎರಡು ಗೆರೆ ಅಡ್ಡ ಹಾಯ್ದರೆ ಕೂಡಿಕೊಂಡುಬಿಡುತ್ತವೆ. ವಿದ್ಯುತ್ತು ಹೋಗಬಾರದ ಕಡೆಗೆ ಹೋಗುತ್ತದೆ. ಹಾಗಾದರೆ ದಾಟುವುದು ಹೇಗೆ?

ಗೋಕಾಕ ಜಲಪಾತದ ಬಳಿ ಘಟಪ್ರಭಾ ನದಿಯ ಮೇಲೆ ತೂಗುಸೇತುವೆ ಇದೆಯಲ್ಲ! ಕೆಳಗೆ ನದಿ ತನ್ನ ಪಾಡಿಗೆ ಹರಿಯುತ್ತದೆ, ಮೇಲಿನ ದಾರಿ ಅದನ್ನು ಮುಟ್ಟುವುದೇ ಇಲ್ಲ. ಜಂಪರ್ ತಂತಿಯೂ ಅಂತಹದೇ ಸೇತುವೆ. ಬೋರ್ಡಿಗೆ ಎರಡು ತೂತು ಕೊರೆದು, ಬಿಡಿಭಾಗಗಳಿರುವ ಮೇಲ್ಮಗ್ಗುಲಿನಿಂದ ತಂತಿಯ ತುದಿಗಳನ್ನು ಇಳಿಸಿ, ಕೆಳಗೆ ತಾಮ್ರಕ್ಕೆ ಬೆಸೆಯುತ್ತಾರೆ. ಅಡ್ಡ ಬಂದ ಗೆರೆ ಕೆಳಗೇ ಉಳಿಯುತ್ತದೆ. ನಡುವಿನ ಹಲಗೆ ವಿದ್ಯುತ್ತನ್ನು ತಡೆಯುತ್ತದೆ.

ಹಾಗೆಂದು ಕಂಡಲ್ಲೆಲ್ಲ ಸೇತುವೆ ಕಟ್ಟುವಂತಿಲ್ಲ. ಒಂದು ಜಂಪರಿಗೆ ಎರಡು ತೂತು, ಎರಡು ಬೆಸುಗೆ. ಬೆಸುಗೆ ಹೆಚ್ಚಿದಷ್ಟೂ ಸಡಿಲವಾಗಬಹುದಾದ ಜಾಗ ಹೆಚ್ಚು. ಆದ್ದರಿಂದ ಜಾಣರು ಮೊದಲು ಬಿಡಿಭಾಗಗಳನ್ನು ತಿರುಗಿಸಿ, ಸರಿಸಿ ನೋಡುತ್ತಾರೆ. ರೆಸಿಸ್ಟರಿನ ಎರಡು ಕಾಲುಗಳ ನಡುವೆ ಗೆರೆಯೊಂದು ನುಸುಳಬಹುದು, ಅಲ್ಲಿ ಪುಕ್ಕಟೆ ಸೇತುವೆ ಸಿಕ್ಕಂತಾಯಿತು! ಉಳಿದ ಕಡೆ ಮಾತ್ರ ಜಂಪರ್. ಅದು ನೆಟ್ಟಗೆ, ಗಿಡ್ಡಗಿರಬೇಕು. ಬೇರೆ ಬಿಡಿಭಾಗದ ಅಡಿ ಅಡಗಿದ್ದರೆ ರಿಪೇರಿ ಮಾಡುವವರಿಗೆ ಕಾಣದು. ಉದ್ದವಾದರೆ ಹೊದಿಕೆಯಿರುವ ತಂತಿಯೇ ಬೇಕು. ರೆಸಿಸ್ಟರಿನಂತೆಯೇ ಕಾಣುವ, ಒಂದೇ ಕಪ್ಪು ಪಟ್ಟಿಯ ತುಂಡೊಂದಿದೆ. ಅದರ ರೋಧ ಸೊನ್ನೆ ಓಮ್. ಅದು ವೇಷ ಹಾಕಿದ ಜಂಪರ್! ಬಿಡಿಭಾಗ ಜೋಡಿಸುವ ಯಂತ್ರಗಳಿಗೆ ಅದನ್ನು ಕೂರಿಸುವುದು ಸುಲಭ.

ಕೆಟ್ಟುಹೋದ ಸೆಲ್ಲಿನ ರೇಡಿಯೊ ಸಿಕ್ಕರೆ, ಸೆಲ್ಲು ತೆಗೆದು, ದೊಡ್ಡವರ ನೆರವಿನಿಂದ ಬಿಚ್ಚಿ ಜಂಪರುಗಳನ್ನು ಎಣಿಸಿ. ಟೀವಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು.

ನಿಮ್ಮ ಹಾಳೆಯ ಒಂಬತ್ತನೆಯ ಗೆರೆ ಏನಾಯಿತು? ಅಡ್ಡ ಬಂದ ಗೆರೆಯ ಆಚೆ ಈಚೆ ಸೂಜಿಯಿಂದ ತೂತು ಮಾಡಿ, ಹಾಳೆಯ ಹಿಂಬದಿಯಿಂದ ದಾರ ಪೋಣಿಸಿ. ಒಂದೇ ಜಂಪರ್ ಸಾಕು.